ಮರಳಿಸತಕ್ಕ ಡ್ರಮ್ಮು

ಸಂಜೆಯ ಭೋಂಗಾ ಕೂಗಿ ಮುಗಿದಿತ್ತು. ಬ್ಯಾಡಗಿ ಊರ ಹೊರಗಿನ ರಂಗುಮಣಿ ಮಸಾಲೆ ಕಾರ್ಖಾನೆಯ ಹೆಂಗಸರು ಗಾಳಿಕೋಣೆಯಲ್ಲಿ ನಿಂತು ಮೈಮೇಲಿನ ಖಾರದ ಧೂಳು ಹಾರಿಸಿಕೊಂಡು, ಸೀನುತ್ತ, ಒಬ್ಬರನ್ನೊಬ್ಬರು ಛೇಡಿಸುತ್ತ ಗೇಟಿನ ಕಮಾನು ದಾಟುತ್ತಿದ್ದರು. ಹೂವಕ್ಕ ಕಡೇಮನಿ ಕಾಲಿಟ್ಟಿದ್ದೇ ತಡ, ಕಮಾನಿನ ಹಸಿರು ದೀಪ ಕೆಂಪಾಯಿತು. ಒಳಗಿನಿಂದ ಸಕ್ಕರೆ ಸುರಿದಂಥ ಹೆಣ್ಣುದನಿಯೊಂದು, "ದಯವಿಟ್ಟು ನಿಲ್ಲಿ. ಕೈಯುಜ್ಜು ಖಾರಪುಡಿ, ಒಂಬತ್ತು ಗ್ರಾಂ. ಮಾರಾಟವಾಗಿಲ್ಲ," ಎಂದಿತು.

ಕಾವಲಿನ ಫಕ್ಕೀರಪ್ಪ ಎದ್ದು ಬಂದ. "ಹೂವಕ್ಕ, ಉಡಿಯಾಗ ಏನರ ಕಟ್ಟಕೊಂಡೀಯೇನ?"

"ನಿನ್ನ ಬಾಯಾಗ ಮಣ್ಣ ಹಾಕ! ಖಾರಪುಡಿ ಉಡಿಯಾಗ ಕಟ್ಟಕೊಂಡು ಯಾರರ ಬದುಕ್ಯಾರೇನೋ?"

ಹಿಂದಿದ್ದವರು ಗೊಳ್ಳೆಂದರು. ಹೂವಕ್ಕನೂ ನಕ್ಕಳು. ಆದರೆ ಕಮಾನು ನಗುವ ಜಾತಿಯದಲ್ಲ. ಎಲೆಅಡಿಕೆಯ ಚೀಲ ಬೋರಲು ಹಾಕಿದರು, ಬುತ್ತಿಯ ಡಬ್ಬಿ ತೆಗೆದು ಮೂಸಿದರು, ಕಾವಲಿನ ಹೆಂಗಸು ಕೋಣೆಯೊಳಗೆ ಕರೆದೊಯ್ದು ಸೆರಗು ಕೊಡವಿ ನೋಡಿದಳು. ಏನೂ ಇಲ್ಲ. ಸಾಬೂನು ಹಚ್ಚಿ ಕೈತೊಳೆಸಿದರು. ಮತ್ತೆ ಒಂಬತ್ತು ಗ್ರಾಂ. ಕೊನೆಗೆ ಫಕ್ಕೀರಪ್ಪ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ತಂದು ತಲೆಯಿಂದ ಇಳಿಸುತ್ತ ಬಂದ. ತಲೆ ಸುಮ್ಮನಿತ್ತು, ಬೆನ್ನು ಸುಮ್ಮನಿತ್ತು. ಅಂಗೈಯ ಹತ್ತಿರ ಬಂದದ್ದೇ ಅದು ಕೋಳಿ ಹಿಡಿದ ಹಾಗೆ ಕಿರುಚಿತು.

ಹೂವಕ್ಕನ ನಗು ಅಲ್ಲಿಗೆ ನಿಂತಿತು. ಮನೆಯಲ್ಲಿ ಮಗಳು ದಾಕ್ಷಾಯಿಣಿ ಹೆರಿಗೆಗೆಂದು ಬಂದು ಕೂತಿದ್ದಳು, ದಿನ ತುಂಬಿತ್ತು. ಚೊಚ್ಚಲು. ನೋವು ಯಾವ ಗಳಿಗೆಯಲ್ಲಿ ಬಂದೀತೋ ಹೇಳಲಾಗದು. ಗಂಡ ಸತ್ತ ಮೇಲೆ ಹೂವಕ್ಕನಿಗೆ ಇದ್ದದ್ದು ಅದೊಂದೇ ಜೀವ. ಆ ಮಗಳ ಬಾಣಂತನವನ್ನು ತನ್ನ ಕೈಯಾರೆ ಮಾಡಬೇಕು, ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆಯಬೇಕು, ಅವಳಿಗೆ ಬೇರೆ ಆಸೆಯೇ ಇರಲಿಲ್ಲ.

ಇಲ್ಲಿ ಕಮಾನಿನ ಕಥೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಓದುವವರಿಗೆ ಇದೇನು ಹುಚ್ಚು ಅನಿಸೀತು. ಹಿಂದೆ ಬಾರ್‌ಕೋಡ್ ಎಂಬುದು ಪೊಟ್ಟಣದ ಮೇಲಿರುತ್ತಿತ್ತು, ಕಪ್ಪು ಬಿಳುಪು ಗೀಟುಗಳು. ಗೀಟಿನ ಚೀಟಿ ಕಿತ್ತು ಕಲಬೆರಕೆ ಮಾಲಿನ ಮೇಲೆ ಅಂಟಿಸುವುದನ್ನು ಜನ ಬೇಗ ಕಲಿತರು. ಇಟ್ಟಿಗೆಪುಡಿ ಬೆರೆಸಿದ ಖಾರ ತಿಂದು ಎಲ್ಲೆಲ್ಲೋ ಮಂದಿ ಸತ್ತ ಮೇಲೆ ಸರಕಾರ ಎಚ್ಚೆತ್ತು, ಗೀಟು ಪೊಟ್ಟಣದ ಮೇಲಲ್ಲ, ಮಾಲಿನೊಳಗೇ ಇರಬೇಕು ಅಂದಿತು. ವಿಜ್ಞಾನಿಗಳು ಗೀಟುಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳ ಮೇಲೆ ಅಚ್ಚು ಹಾಕಿದರು. ಆ ಚೂರುಗಳನ್ನು ಹಿಟ್ಟಿಗೆ, ಖಾರಕ್ಕೆ, ಅರಿಸಿನಕ್ಕೆ ಬೆರೆಸಿದರು. ತಿಂದರೆ ಹೊಟ್ಟೆಯ ಹುಳಿಯಲ್ಲಿ ಕರಗಿ ಹೋಗುತ್ತದೆ, ಯಾವ ಅಪಾಯವೂ ಇಲ್ಲ. ಸ್ಕ್ಯಾನರ್ ಚೂರುಗಳನ್ನು ಎಣಿಸಿ, ಇಷ್ಟು ಚೂರು ಅಂದರೆ ಇಷ್ಟು ಗ್ರಾಂ ಎಂದು ಲೆಕ್ಕ ಕಟ್ಟುತ್ತದೆ. ಯಾವ ಕಾರ್ಖಾನೆ, ಯಾವ ದಿನ, ಯಾವ ಕೊಪ್ಪರಿಗೆ, ಎಲ್ಲವನ್ನೂ ಹೇಳುತ್ತದೆ. ದೇಶಕ್ಕೆಲ್ಲ ಒಂದೇ ದಾಸ್ತಾನು ಯಂತ್ರ. ಅದರ ಕಣ್ಣು ಬಸ್ ನಿಲ್ದಾಣದಲ್ಲಿ, ಸಂತೆಯ ಬಾಯಲ್ಲಿ, ಶಾಲೆಯ ಬಿಸಿಯೂಟದ ಬಾಗಿಲಲ್ಲಿ. ಕಲಬೆರಕೆ ನಿಜಕ್ಕೂ ನಿಂತುಹೋಯಿತು, ಅದನ್ನು ಅಲ್ಲಗಳೆಯುವಂತಿಲ್ಲ.

ಉಗುರುಸಂದಿಯ ಪುಡಿಗೆ ಕಮಾನು ಕಣ್ಣು ಮುಚ್ಚುತ್ತಿತ್ತು, ಅದಕ್ಕೊಂದು ಮಿತಿ ಇಟ್ಟಿದ್ದರು. ಹೂವಕ್ಕ ಅಂದು ಆ ಮಿತಿ ದಾಟಿದ್ದಳು.

ದಾಸ್ತಾನು ಕೋಣೆಯಲ್ಲಿ ಗೋಡೆ ತುಂಬ ಪರದೆಗಳು. ಅವುಗಳ ಮುಂದೆ ಕೂರುವ ಅಶ್ಫಾಕ್ ಮುಲ್ಲಾ ಒಳ್ಳೆಯ ಮನುಷ್ಯ, ಹಿರೇಕೆರೂರಿನವನು. ಆಳುಗಳ ಹೆಸರು ಹಿಡಿದು ಮಾತಾಡಿಸುವ ಸಾಹೇಬ ಅವನೊಬ್ಬನೇ. ಅವನು ಹೂವಕ್ಕನಿಗೆ ಕುರ್ಚಿ ಕೊಟ್ಟು, ಧಾರವಾಡದ ಪ್ರಯೋಗಾಲಯದಲ್ಲಿದ್ದ ವೃಂದಾ ಕುಲಕರ್ಣಿಯನ್ನು ಪರದೆಯ ಮೇಲೆ ಕರೆದ. ಈ ಗೀಟಿನ ಚೂರನ್ನು ಕಂಡುಹಿಡಿದ ತಂಡದಲ್ಲಿ ಆಕೆಯೂ ಒಬ್ಬಳು.

ವೃಂದಾ ಅಂಗೈಯ ದೊಡ್ಡ ಚಿತ್ರ ನೋಡಿದಳು. ಬಿರುಕು ಬಿರುಕಿನಲ್ಲೂ ಗೀಟು. "ಅವ್ವಾರ, ಕೈಗೆ ಏನ್ ಹಚ್ಚತೀರಿ?"

"ಏನ್ ಹಚ್ಚೂದ್ರೀ? ದಿನಾ ಖಾರ ಉಜ್ಜಿ ಕೈ ಭಗಭಗ ಉರೀತಾವು. ಮನೀಗೆ ಹೋಗಿ ಹರಳೆಣ್ಣಿ ಹಚ್ಚಿ ಕೆಂಡದ ಮ್ಯಾಲ ಕಾಸತೀನಿ. ನಮ್ಮವ್ವನೂ ಹಂಗ ಮಾಡತಿದ್ಲು, ಎಲ್ಲಾರೂ ಹಂಗ ಮಾಡತಾರ."

ವೃಂದಾ ಹಣೆಗೆ ಕೈ ಹಚ್ಚಿಕೊಂಡಳು. ಕುದಿಯುವ ಸಾರಿನಲ್ಲಿ ಪರೀಕ್ಷೆ ಮಾಡಿದ್ದರು, ಬಿಸಿಲಲ್ಲಿ ಮಾಡಿದ್ದರು, ಹೊಟ್ಟೆಯ ಹುಳಿಯಲ್ಲಿ ಮಾಡಿದ್ದರು. ಹರಳೆಣ್ಣೆ ಹಚ್ಚಿ ಕೆಂಡಕ್ಕೆ ಹಿಡಿದ ಅಂಗೈಯಲ್ಲಿ ಮಾಡಿರಲಿಲ್ಲ. ಕೈ ತಾಳುವಷ್ಟು ಬಿಸಿಗೆ ಚೂರಿನ ಮೇಲ್ಪದರ ಮೆತ್ತಗಾಗುತ್ತದೆ, ಎಣ್ಣೆಯ ಜೊತೆ ಚರ್ಮದೊಳಗೆ ಇಳಿಯುತ್ತದೆ, ಆರಿದ ಮೇಲೆ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಹಚ್ಚೆ ಹಾಕಿಸಿಕೊಂಡಂತೆಯೇ ಸರಿ.

"ತೆಗೀಲಿಕ್ಕೆ ಬರೂದಿಲ್ಲೇನ್ರೀ?" ಅಶ್ಫಾಕ್ ಕೇಳಿದ.

"ಸದ್ಯಕ್ಕ ಇಲ್ಲ. ಚರ್ಮ ತಾನ ಉದರಬೇಕು. ವರ್ಷ ಆಗಬಹುದು, ಎರಡಾಗಬಹುದು, ನನಗ ಖರೇನ ಗೊತ್ತಿಲ್ಲ." ಆಮೇಲೆ ದನಿ ತಗ್ಗಿಸಿ, "ಅವ್ವಾರ, ಒಂದು ಮಾತು. ಎಣ್ಣಿಕೈಲೆ ಯಾರಿಗೂ ಮೈ ತಿಕ್ಕಬ್ಯಾಡ್ರಿ. ಅವರಿಗೂ ಅಂಟತದ. ಮಕ್ಕಳಿಗಂತೂ ಮುಟ್ಟಲೇಬ್ಯಾಡ್ರಿ, ಅವರ ಚರ್ಮ ಎಳೀದು," ಅಂದಳು.

ಹೂವಕ್ಕ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಆದರೆ ಆ ಹೊತ್ತಿಗೆ ಮನೆಗೆ ಹೋಗುವ ಚಿಂತೆಯೇ ದೊಡ್ಡದಾಗಿತ್ತು. "ಅದೆಲ್ಲಾ ಆಮ್ಯಾಲ ನೋಡೂಣು. ಈಗ ನನ್ನ ಹೊರಗ ಬಿಡ್ರಿ ಸಾಹೇಬ್ರ. ಮಗಳು ಒಬ್ಬಾಕಿನ ಅದಾಳ."

ಬಿಡುವುದು ಅಷ್ಟು ಸಲೀಸಾಗಿರಲಿಲ್ಲ. ದಾಸ್ತಾನು ಯಂತ್ರಕ್ಕೆ ಮಾಲಿನ ಮೂರೇ ಗತಿ ಗೊತ್ತು: ಮಾರಾಟ, ವಾಪಸಾತಿ, ನಾಶ. ಅಶ್ಫಾಕ್ ಮೊದಲು ಅವಳ ಕೈಗಳನ್ನು ಅವಳಿಗೇ ಮಾರಲು ನೋಡಿದ. ತನ್ನ ಜೇಬಿನಿಂದಲೇ ದುಡ್ಡು ಕಟ್ಟಲು ಸಿದ್ಧನಿದ್ದ ಪುಣ್ಯಾತ್ಮ. ಯಂತ್ರ ಒಪ್ಪಲಿಲ್ಲ. ಮೂರು ವರ್ಷಗಳ ಬೇರೆ ಬೇರೆ ಕೊಪ್ಪರಿಗೆಗಳ ಗೀಟುಗಳು ಒಂದೇ ಅಂಗೈಯಲ್ಲಿ ಕೂಡಿದ್ದವಲ್ಲ, ಅದರ ಕಣ್ಣಿಗೆ ಅದು ಕಲಬೆರಕೆ, ಕಲಬೆರಕೆಯನ್ನು ಮಾರುವಂತಿಲ್ಲ. ಹಳೆಯ ಗೀಟುಗಳ ಅವಧಿ ಬೇರೆ ಮುಗಿದಿತ್ತು, ಅವಧಿ ಮುಗಿದ ಮಾಲನ್ನು ನಾಶ ಮಾಡಬೇಕು. ಹೀಗೆ ತಡಕಾಡುತ್ತಿದ್ದಾಗ ಅವನಿಗೆ ಒಂದು ಕಿಂಡಿ ಸಿಕ್ಕಿತು. ದೊಡ್ಡ ಹೋಟೆಲುಗಳಿಗೆ ಖಾರ ಕಳಿಸುವ ಸ್ಟೀಲ್ ಡ್ರಮ್ಮುಗಳಿರುತ್ತವೆ. ಅವುಗಳ ತಳದಲ್ಲಿ ಪುಡಿ ಉಳಿದಿರುತ್ತದೆ, ಆದರೂ ಅವು ಗೇಟು ದಾಟುತ್ತವೆ, ಏಕೆಂದರೆ ಮರುದಿನ ಬೆಳಗ್ಗೆ ವಾಪಸು ಬರುತ್ತವೆ. ಅವುಗಳಿಗೆ 'ಮರಳಿಸತಕ್ಕ ಡ್ರಮ್ಮು' ಎಂದೇ ಹೆಸರು.

"ಹೂವಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮನ್ನ ಡ್ರಮ್ಮಂತ ಬರೀಲೇನು?"

"ಡ್ರಮ್ಮರ ಬರೀರಿ, ಡಬ್ಬಿ ಅಂತರ ಬರೀರಿ. ಮನೀಗೆ ಕಳಸ್ರಿ."

ಕಮಾನು ಹಸಿರಾಯಿತು. "ಮರಳಿಸತಕ್ಕ ಡ್ರಮ್ಮು. ನಾಳೆ ಮುಂಜಾನೆಯೊಳಗೆ," ಎಂದಿತು ಸಕ್ಕರೆಯ ದನಿ.

ಮರುದಿನ ಬೆಳಗ್ಗೆ ಕಾರ್ಖಾನೆಯ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿತ್ತು. "ಬರ್ರಿ ಡ್ರಮ್ಮವ್ವಾರ, ಉರುಳಕೋತ ಬರ್ತೀರೋ ನಡಕೋತ ಬರ್ತೀರೋ?" ಎಂದು ಚಾಷ್ಟಿ ಮಾಡಿದರು. ಹೂವಕ್ಕನೂ ಬಿಡುವವಳಲ್ಲ. "ನನಗರ ಕಂಪನಿ ಒಂದು ನಂಬರ ಕೊಟ್ಟೈತಿ, ನಿಮಗೇನೈತಿ?" ಅಂದಳು. ಆದರೆ ಖಾರ ಉಜ್ಜುವ ಕೋಣೆಯ ಬಾಗಿಲು ಅವಳಿಗೆ ತೆರೆಯಲಿಲ್ಲ. ಡ್ರಮ್ಮಿನ ಜಾಗ ಡ್ರಮ್ಮಿನ ಗೋದಾಮು. ಬೇರೆಲ್ಲಿ ಹೋದರೂ ಯಂತ್ರ ಕೂಗುತ್ತಿತ್ತು. ಇನ್ನೂ ಮಿತಿ ದಾಟಿರದ ಉಳಿದ ಹೆಂಗಸರಿಗೆ ಕೈಗವಸು ಹಂಚಿದರು, ಹರಳೆಣ್ಣೆ ಬಿಡಿಸಿದರು. ಹೂವಕ್ಕ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಸಾಲು ಸಾಲು ಖಾಲಿ ಡ್ರಮ್ಮುಗಳ ನಡುವೆ ಒಂದು ಸ್ಟೂಲಿನ ಮೇಲೆ ಕೂತಳು. ಪಗಾರ ನಿಲ್ಲಲಿಲ್ಲ. ಕೆಲಸವಿಲ್ಲದೆ ಪಗಾರ ಬಂದರೆ ಸುಖ ಎಂದು ತಿಳಿದವರು ಅಂಥ ಗೋದಾಮಿನಲ್ಲಿ ಒಂದು ವಾರ ಕೂತು ನೋಡಬೇಕು. ತಗಡಿನ ಮಾಡು ಕಾದು ಮೈ ಬೇಯುತ್ತಿತ್ತು, ಮಾತಾಡಲು ಒಂದು ನರಪಿಳ್ಳೆ ಇರಲಿಲ್ಲ.

ಬಾಣಂತನಕ್ಕೆ ರಜೆ ಕೇಳಲು ಹೋದಳು. ಅಶ್ಫಾಕ್ ತಲೆ ಎತ್ತಲಿಲ್ಲ. "ಹೂವಕ್ಕಾರ, ರಜಾ ಮನುಷ್ಯಾರಿಗೆ ಐತ್ರಿ. ಡ್ರಮ್ಮಿಗೆ ಇಲ್ಲ."

"ಹಂಗಾದ್ರ ಕೆಲಸಾನ ಬಿಡ್ತೀನಿ."

"ನೀವು ಬಿಟ್ರೂ ಡ್ರಮ್ಮ ಬಿಡಂಗಿಲ್ಲ. ಒಂದಿನ ಬರಲಿಲ್ಲಂದ್ರ ಕಳವಾಗೇತಿ ಅಂತ ಯಂತ್ರ ತಾನ ಪೊಲೀಸರಿಗೆ ತಿಳಸತೈತಿ. ಬಸ್ಸಿನ್ಯಾಗ ಹತ್ತೂದಾಗಂಗಿಲ್ಲ, ಸಂತ್ಯಾಗ ಕಾಲಿಡೂದಾಗಂಗಿಲ್ಲ. ನಾ ಮ್ಯಾಲಿನವರಿಗೆ ಬರದು ಬರದು ಸಾಕಾಗೇನ್ರಿ. ಹಿಂತಾದ್ದು ಆಗೂದ ಸಾಧ್ಯ ಇಲ್ಲ ಅಂತಾರ."

"ಡ್ರಮ್ಮ ಹಳೇದಾದ್ರ ಏನ್ ಮಾಡತೀರಿ?"

ಅವನು ಪರದೆಯ ಕಡೆ ತಿರುಗಿದ. ಹಳೆಯ ಡ್ರಮ್ಮನ್ನು ಜಜ್ಜಿ ಗುಜರಿಗೆ ಹಾಕುತ್ತಾರೆ ಎಂಬುದು ಹೂವಕ್ಕನಿಗೂ ಗೊತ್ತಿತ್ತು. ಅತ್ತ ದರಿ, ಇತ್ತ ಪುಲಿ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಗೋದಾಮಿಗೆ ನಡೆದಳು.

ನೋವು ಹಾಡುಹಗಲೇ ಬಂತು. ಪಕ್ಕದ ಮನೆಯ ಕಸ್ತೂರೆವ್ವ ದಾಕ್ಷಾಯಿಣಿಯನ್ನು ಆಟೋದಲ್ಲಿ ದವಾಖಾನೆಗೆ ಕರೆದೊಯ್ದಳು. ಹೂವಕ್ಕನಿಗೆ ಸುದ್ದಿ ಬಂದದ್ದು ಫೋನಿನಲ್ಲಿ. ಗೇಟಿಗೆ ಓಡಿದಳು. ಡ್ರಮ್ಮುಗಳ ಲಾರಿ ಹೊರಡುವುದು ಸಂಜೆಗೆ, ಅದಕ್ಕೆ ಮುಂಚೆ ಕಮಾನು ತೆರೆಯುವುದಿಲ್ಲ. ಫಕ್ಕೀರಪ್ಪನ ಮುಂದೆ ಬಾಯಿ ಬಾಯಿ ಬಡಿದುಕೊಂಡಳು. ಅವನು ಕಣ್ಣೀರು ಹಾಕಿದನೇ ಹೊರತು ಬಾಗಿಲು ಅವನ ಕೈಯಲ್ಲಿರಲಿಲ್ಲ. ಮಗಳು ಅಲ್ಲಿ ತಿಣುಕುತ್ತಿದ್ದರೆ ತಾಯಿ ಇಲ್ಲಿ ಕಂಬಿ ಹಿಡಿದು ನಿಂತಿದ್ದಳು, ದೇವರೇ, ಯಾವ ಹಗೆಗೂ ಅದು ಬೇಡ.

ಹೋಗುವಷ್ಟರಲ್ಲಿ ಕೂಸು ಹುಟ್ಟಿ ಬಟ್ಟೆ ಸುತ್ತಿಸಿಕೊಂಡು ಮಲಗಿತ್ತು. ಹೆಣ್ಣು. ಗುಂಗುರು ಕೂದಲು, ಹೂವಕ್ಕನ ಗಂಡನದೇ ಮೂಗು. "ತಗೋ ಬೇ, ನಿನ್ನ ಮೊಮ್ಮಗಳು," ಎಂದು ಕಸ್ತೂರೆವ್ವ ಕೂಸನ್ನು ನೀಡಿದಳು. ಹೂವಕ್ಕ ಕೈ ಚಾಚಿದಳು. ವೃಂದಾ ಮೇಡಂ ಅಂದ ಮಾತು ನೆನಪಾಗಿ ಬೆಂಕಿ ತಾಗಿದವರ ಹಾಗೆ ಹಿಂದಕ್ಕೆ ಎಳೆದುಕೊಂಡಳು. "ಕೈಯಾಗ ಖಾರ ಐತವಾ, ಉರದೀತು," ಅಂದಳು.

ಮನೆಗೆ ಬಂದ ಮೇಲೂ ಅದೇ ನೆವ. ದಿನಾ ಕಸ್ತೂರೆವ್ವನೇ ಬಂದು ಕೂಸಿಗೆ ಎರೆದಳು. ಹೂವಕ್ಕ ನೀರು ಕಾಸಿದಳು, ಲೋಬಾನದ ಹೊಗೆ ಹಾಕಿದಳು, ಬಾಣಂತಿಗೆ ಅಳವಿ ಬೀಜದ ಪಾಯಸ ಮಾಡಿ ಬಡಿಸಿದಳು. ಕೂಸು ಅತ್ತರೆ ತೊಟ್ಟಿಲ ಹಗ್ಗವನ್ನು ತುದಿಯಲ್ಲಿ ಹಿಡಿದು ದೂರದಿಂದ ತೂಗಿದಳು. ಮುಟ್ಟಲಿಲ್ಲ. ಎಣ್ಣೆ ಹಚ್ಚದೆ, ಒಣಗೈಯಲ್ಲಿ ಒಂದು ಸಲ ಕೆನ್ನೆ ಸವರಿದರೆ ಏನಾದೀತು ಎಂದು ಮನಸ್ಸು ಎಷ್ಟೋ ಸಲ ಜಗ್ಗಿತು. ಬೆಳೆದು ದೊಡ್ಡವಳಾದ ಆ ಹುಡುಗಿಯನ್ನು ಶಾಲೆಯ ಬಾಗಿಲಲ್ಲಿ ಒಂದು ಸಕ್ಕರೆಯ ದನಿ ತಡೆದು 'ಮಾರಾಟವಾಗಿಲ್ಲ' ಅನ್ನುವುದು ಕಿವಿಯಲ್ಲಿ ಕೇಳಿಸುತ್ತಿತ್ತು. ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಅತ್ತ ಸರಿಯುತ್ತಿದ್ದಳು.

ಹಸಿಬಾಣಂತಿಯ ಮನಸ್ಸು ಮೊದಲೇ ಹಸಿ. ಒಂದು ದಿನ ದಾಕ್ಷಾಯಿಣಿ ಉಣ್ಣುವ ತಾಟನ್ನು ದೂರ ತಳ್ಳಿದಳು.

"ಯವ್ವಾ, ಖರೇ ಹೇಳು. ಹೆಣ್ಣ ಹುಟ್ಟೇತಂತ ಮುಟ್ಟವಲ್ಲೆ, ಹೌದಿಲ್ಲೋ?"

ಹೂವಕ್ಕನಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಇದೇ ದಾಕ್ಷಾಯಿಣಿ ಹುಟ್ಟಿದಾಗ ಹೂವಕ್ಕನ ಅತ್ತೆ ಹೆಣ್ಣೆಂದು ಗೋಡೆ ಕಡೆ ಮುಖ ತಿರುಗಿಸಿದ್ದಳು. ಆ ಸಂಕಟವನ್ನು ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಬಂದ ಹೆಂಗಸಿಗೆ ಈ ಮಾತು.

"ಹಂಗ ಅನಬ್ಯಾಡ ನನ ತಾಯೀ! ಕೈಯಾಗ ಖಾರ..."

"ಖಾರದ ಖೋಲಿಗೆ ನೀ ಕಾಲಿಟ್ಟು ಎಷ್ಟ ದಿನಾತು? ಗೋದಾಮಿನ್ಯಾಗ ಸುಮ್ನ ಕುಂದರತಾಳಂತ ಓಣಿಯಾಗೆಲ್ಲಾ ಹೇಳತಾರ. ನನಗೊಬ್ಬಾಕಿಗೆ ಸುಳ್ಳ."

ಆಗ ಹೂವಕ್ಕ ಎಲ್ಲವನ್ನೂ ಹೇಳಿದಳು. ಗೀಟಿನ ಚೂರು, ಹರಳೆಣ್ಣೆ, ಕೆಂಡ, ಧಾರವಾಡದ ಮೇಡಂ. "ನಾ ಈಗ ಕಂಪನಿ ಡ್ರಮ್ಮದೀನವಾ. ಕೂಸು ಮುಟ್ಟಿದ್ರ ಅದೂ ಕಂಪನಿ ಮಾಲಾಕ್ಕೈತಿ."

ದಾಕ್ಷಾಯಿಣಿ ಅವಳ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು, ಕೇಳಲಾಗದಂಥ ನಗು. "ಹೇಳೂದಾದ್ರ ಛಲೋ ಸುಳ್ಳ ಹೇಳ ಬೇ," ಅಂದು ಕೂಸನ್ನು ಎತ್ತಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು.

ಮರುದಿನ ಹೂವಕ್ಕ ಎಂದಿನಂತೆ ವಾಪಸಾದ ಡ್ರಮ್ಮಾಗಿ ಗೋದಾಮಿನಲ್ಲಿ ಕೂತಿದ್ದಳು. ಮಧ್ಯಾಹ್ನ ಫಕ್ಕೀರಪ್ಪ ಏದುಸಿರು ಬಿಡುತ್ತ ಓಡಿಬಂದ. "ಹೂವಕ್ಕ, ಲಗೂ ಬಾ. ನಿನ್ನ ಮಗಳು ಬಂದಾಳ, ಕೂಸಿನ ಕರಕೊಂಡು. ಯಂತ್ರ ತೋರಸ್ರಿ ನನಗ, ನಮ್ಮವ್ವನ ಸುಳ್ಳ ನಾ ನೋಡಬೇಕಂತ ಕುಂತಾಳ. ಬ್ಯಾಡಂದ್ರ ಕೇಳವಲ್ಲಳು!"

ಅಂಗಳಕ್ಕೆ ಬಂದು ನೋಡಿದರೆ, ತಲೆಗೆ ಕಿವಿಗೆ ಬಟ್ಟೆ ಕಟ್ಟಿಕೊಂಡ ದಾಕ್ಷಾಯಿಣಿ, ಎದೆಗೆ ಅವುಚಿಕೊಂಡ, ಕುಂಚಿಗೆ ಹಾಕಿದ ಕೂಸು, ಉರಿಬಿಸಿಲಲ್ಲಿ ವಾಪಸು ಮಾಲು ಒಳಬರುವ ಕಮಾನಿನ ಆಚೆ ನಿಂತಿದ್ದಾಳೆ. ನಡೆದ ಆಯಾಸಕ್ಕೆ ಮುಖ ಬಿಳುಚಿದೆ.

"ಅಲ್ಲೇ ನಿಲ್ಲ ದಾಕ್ಷಾ! ನಾನ ಬರತೀನಿ!" ಎಂದು ಹೂವಕ್ಕ ಕೂಗಿದಳು.

"ನೀ ಎಲ್ಲಿ ಬರತೀಯವಾ, ಡ್ರಮ್ಮಲ್ಲೇನ ನೀ?" ಎಂದವಳೇ ದಾಕ್ಷಾಯಿಣಿ ಕಮಾನಿನೊಳಗೆ ಕಾಲಿಟ್ಟಳು.

ಕಮಾನು ಹಸಿರಾಯಿತು. ಸಕ್ಕರೆಯ ದನಿ ಎಂದಿಗಿಂತ ಹಿಗ್ಗಿನಲ್ಲಿತ್ತು. "ಸ್ವಾಗತ. ಮರಳಿ ಬಂದ ಮಾಲು. ಕೈಯುಜ್ಜು ಖಾರಪುಡಿ, ಎರಡು ಗ್ರಾಂ. ಸ್ವೀಕರಿಸಲಾಗಿದೆ." ಒಂದು ಉಸಿರು ಬಿಟ್ಟು ಮತ್ತೆ, "ಕೈಯುಜ್ಜು ಖಾರಪುಡಿ, ಅರ್ಧ ಗ್ರಾಂ. ಸ್ವೀಕರಿಸಲಾಗಿದೆ," ಎಂದಿತು.

ಹೊರಹೋಗುವ ಮಾಲಿಗೆ ಮಿತಿಯಿತ್ತು. ಒಳಬರುವುದಕ್ಕೆ ಮಿತಿಯಿಲ್ಲ; ಚೂರೇ ಬಂದರೂ ಯಂತ್ರ ಬರಮಾಡಿಕೊಂಡು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಒಮ್ಮೆ ಲೆಕ್ಕಕ್ಕೆ ಸೇರಿದ್ದು ಮಿತಿಯೊಳಗಿದ್ದರೂ ಸುಮ್ಮನೆ ಹೊರಹೋಗುವಂತಿಲ್ಲ.

ಅಶ್ಫಾಕ್ ಮೇಲಿನಿಂದ ಓಡಿ ಇಳಿದು ಬಂದಿದ್ದ. ತಾಯಿ, ಮಗಳು, ಕೂಸು ಮೂವರನ್ನೂ ನೋಡಿದ. "ಹೂವಕ್ಕಾರ, ಎಣ್ಣಿ ಹಚ್ಚಿದ್ರೇನು?"

"ಕೂಸಿನ ಮುಟ್ಟಿಲ್ರೀ ಸಾಹೇಬ್ರ! ಕಣ್ಣಾಣಿ ಮುಟ್ಟಿಲ್ಲ!"

"ಕೂಸಿಗಲ್ಲ. ಮಗಳಿಗೆ."

ಹೂವಕ್ಕ ತನ್ನ ಅಂಗೈಗಳನ್ನು ನೋಡಿಕೊಂಡಳು. ಮಗಳು ತವರಿಗೆ ಬಂದ ದಿನದಿಂದ, ಗೇಟಿನಲ್ಲಿ ತಡೆಯುವ ಮುಂಚಿನ ಒಂದೊಂದು ಸಂಜೆಯೂ, ಕೈ ಕಾಸಿಕೊಂಡ ಅದೇ ಎಣ್ಣೆಯಲ್ಲಿ ಅವಳ ಸೊಂಟ ತಿಕ್ಕಿದ್ದಳು, ತುಂಬಿದ ಹೊಟ್ಟೆ ಸವರಿದ್ದಳು. ಕೂಸು ಹುಟ್ಟಿದ ಗಳಿಗೆಯಿಂದ ಮಲಗುವುದು ಆ ಹೊಟ್ಟೆಯ ಮೇಲೆಯೇ, ಆ ಎದೆಯ ಬಿಸಿಯಲ್ಲೇ.

"ಬಸುರಿ ಮಗಳಿಗೆ ಎಣ್ಣಿ ಹಚ್ಚಲಾರದ ತಾಯಿ ಎಲ್ಲಿ ಇರತಾಳ್ರೀ?" ಅಂದಳು.

ದಾಕ್ಷಾಯಿಣಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಹೆದರಿಕೆಯಂತೂ ಪೂರಾ ತಟ್ಟಿತು. "ನಾ ಮನೀಗೆ ಹೋಗತೀನಿ," ಎಂದು ಹೊರಹೋಗುವ ಕಮಾನಿನ ಕಡೆ ತಿರುಗಿ ಓಡಿದಳು. ಕೆಂಪು ದೀಪ. ಭೋರೆಂದು ಸದ್ದು. ಕೂಸು ಬೆಚ್ಚಿ, ಜೀವ ಹೋಗುವ ಹಾಗೆ ಚೀರತೊಡಗಿತು. ಹಾಲು ಕೊಡಲು ನೋಡಿದರೆ ಬಾಯಿ ಹಚ್ಚಲಿಲ್ಲ.

ಹೂವಕ್ಕನಿಗೆ ಎದೆ ಬಡಿದುಕೊಂಡು ಅಳಬೇಕೆನಿಸಿತು. ತನ್ನ ಕೈ ಕಡಿದುಕೊಳ್ಳಬೇಕೆನಿಸಿತು. ಅಷ್ಟರಲ್ಲೇ ಇನ್ನೊಂದು ವಿಚಾರ ಹೊಳೆದು, ನಾಚಿಕೆಗೆಟ್ಟ ಸಂತೋಷವೊಂದು ಒಳಗೆಲ್ಲ ತುಂಬಿಕೊಂಡಿತು. ಹೆದರಿದ್ದ ಕೆಡುಕು ಆಗಿಹೋಗಿತ್ತು. ಇನ್ನು ಕಾಯುವುದೇನೂ ಉಳಿದಿರಲಿಲ್ಲ.

"ಕೊಡ ಇತ್ತ," ಅಂದಳು.

ಕೂಸನ್ನು ಎತ್ತಿಕೊಂಡಳು. ಎರಡೂ ಅಂಗೈಗಳನ್ನು ಬೆನ್ನಿಗೆ ಪೂರಾ ಹಚ್ಚಿದಳು, ಕತ್ತು ಸವರಿದಳು, ಕಡಲೆಯಷ್ಟು ಹಿಮ್ಮಡಿಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. "ಯಾಕ ನನ ಬಂಗಾರಿ? ಯಾಕ ನನ ಕೂಸ? ಮುದುಕಿ ಮ್ಯಾಲ ಸಿಟ್ಟೇನ?" ಎಂದು ಗಲ್ಲಕ್ಕೆ ಗಲ್ಲ ಹಚ್ಚಿದಳು. ಕೂಸು ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು.

ಅಶ್ಫಾಕ್ ಹತ್ತಿರ ಬಂದು ತಲೆ ತಗ್ಗಿಸಿ ನಿಂತ. "ಸಂಜೀಗೆ ಮೂರೂ ಮಂದೀನ ಡ್ರಮ್ಮಿನ ಲೆಕ್ಕದಾಗ ಹಾಕಿ ಕಳಸತೀನಿ ಅವ್ವಾರ. ಮುಂಜಾನೆ ಮತ್ತ ಬರಬೇಕಾಗತೈತಿ. ಕೂಸೂನು."

ದಾಕ್ಷಾಯಿಣಿ ನೆಲದ ಮೇಲೆ ಕುಸಿದು ಕೂತು, ತಾಯಿಯ ಸೀರೆಯ ಅಂಚು ಹಿಡಿದುಕೊಂಡಳು. "ಯವ್ವಾ, ನೀ ಹೇಳಿದ್ದು ಸುಳ್ಳಲ್ಲ."

"ಸುಳ್ಳಾಗಿದ್ರ ಛಲೋ ಇತ್ತ ಮಗಳ," ಅಂದಳು ಹೂವಕ್ಕ. ಅನ್ನುತ್ತಲೇ ಕೂಸನ್ನು ಇನ್ನಷ್ಟು ಅವುಚಿಕೊಂಡು, ಅದರ ಕುಂಚಿಗೆಯ ಮೇಲೆ ಸೆರಗು ಹೊದಿಸಿ, ಗೋದಾಮಿನ ನೆರಳಿನ ಕಡೆ ತಾನೇ ನಡೆದಳು. ಎಷ್ಟೋ ದಿನಗಳಲ್ಲಿ ಮೊದಲ ಸಲ ಅವಳಿಗೆ ಮನೆಗೆ ಹೋಗುವ ಅವಸರವಿರಲಿಲ್ಲ.